ಊರವ್ರು ಕೂಡಿ ಎನ್‌ಐಆರ್ ಮಷಿನ್ ತಗೊಂಡ್ರ ನಮ್ಮ ಕಬ್ಬಿನ ಖರೇ ಸಕ್ಕರಿ ಗೊತ್ತಾಗತೈತೇನು?

ನೀವು ಕೇಳಿದ್ದು ಇಷ್ಟು: ಮುಧೋಳ ಕಡೆ ಅಪ್ಪಾರು ಕಬ್ಬು ಮಾಡ್ತಾರ, ಕಾರ್ಖಾನಿಯವ್ರು ರಿಕವರಿ ಕಡಿಮಿ ತೋರಸ್ತಾರ ಅಂತ ಅವ್ರಿಗೆ ಸಂಶಯ, ಈಗ ಕಣ್ಣಿಗೆ ಕಾಣಲಾರದ ಬೆಳಕು ಬಿಟ್ಟು ಒಂದ ನಿಮಿಷದಾಗ ಸಕ್ಕರಿ ಅಂಶಾ ಹೇಳೂ ಎನ್‌ಐಆರ್ ಮಷಿನ್ ಬಂದೈತಂತ, ರೈತರು ಪಟ್ಟಿ ಹಾಕಿ ಒಂದು ತಗೋಬೇಕಂತ ಮಾಡ್ಯಾರ, ನಂಬಬಹುದಾ ಅಂತ.

ನಾ ಬಾಗಲಕೋಟಿ ಜಿಲ್ಲಾದಾಗ ಒಂದು ಸಕ್ಕರಿ ಕಾರ್ಖಾನಿ ಲ್ಯಾಬಿನಾಗ 14 ಹಂಗಾಮ ಶಿಫ್ಟ್ ಕೆಮಿಸ್ಟ್ ಅಂತ ದುಡದೇನಿ. ಕಾರ್ಖಾನಿ ಮಂದಿ ಕಡೆ ಮಾತಾಡ್ತಾನ ಅಂತ ಬೈಯೂದಿದ್ರ ಪೂರ್ತಿ ಓದಿ ಬೈಯ್ರಿ. ನನ್ನ ಕೇಳಿದ್ರ ಆ ಮಷಿನ್‌ಗೆ ಈಗ ರೊಕ್ಕಾ ಹಾಕಬ್ಯಾಡ್ರಿ.

ಮೊದಲ್ನೇದು, ರಿಕವರಿ ಅಂದ್ರ ಕಾರ್ಖಾನಿ ಅರದ ಒಟ್ಟು ಕಬ್ಬಿಗೆ ಎಷ್ಟು ಪರ್ಸೆಂಟ್ ಸಕ್ಕರಿ ಚೀಲಕ್ಕ ಬಿತ್ತು ಅನ್ನೂ ಲೆಕ್ಕ, ಎಲ್ಲಾ ರೈತರದೂ ಕೂಡಿ. 2025-26ಕ್ಕ ಸರ್ಕಾರ ಗೊತ್ತ ಮಾಡಿದ ಕಬ್ಬಿನ ಕನಿಷ್ಠ ದರಾ, ಅಂದ್ರ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅದು 10.25 ರಿಕವರಿಗೆ, ಮ್ಯಾಲ ಪ್ರತಿ 0.1ಕ್ಕ 3.46 ರೂಪಾಯಿ ಕೂಡತೈತಿ. ನಿಮ್ಮ ಹೊಲದ ಕಬ್ಬು ಎಷ್ಟ ಸಿಹಿ ಇರ್ಲಿ, ಬಾಜೂ ಹೊಲದವಂದು ಸಪ್ಪನ ಇರ್ಲಿ, ರೇಟ್ ಮಾತ್ರ ಇಬ್ರಿಗೂ ಒಂದ. ಆಸ್ಟ್ರೇಲಿಯಾದಾಗ ಹಂಗಿಲ್ಲ, ಅಲ್ಲಿ ಒಬ್ಬೊಬ್ಬ ರೈತನ ಕಬ್ಬಿನ ಸಕ್ಕರಿನೂ ಬ್ಯಾರೆ ಬ್ಯಾರೆ ಅಳದು ಸಿಸಿಎಸ್ (ಆ ಕಬ್ಬಿನಿಂದ ತಗೀಬಹುದಾದ ಸಕ್ಕರಿ) ಅನ್ನೂ ಅಂಕಿ ಮ್ಯಾಲ ರೊಕ್ಕಾ ಕೊಡ್ತಾರ, ನುಗ್ಗಾದ ಕಬ್ಬು ಹೋಗೂ ದಾರಿಯೊಳಗ ಎನ್‌ಐಆರ್ ಕೂಡಿಸಿ ನಿಂದ್ರಲಾರದಂಗ ನೋಡ್ತಾರ. ಅಲ್ಲಿ ಆ ಮಷಿನ್‌ಗೆ ಅರ್ಥ ಐತಿ, ಇಲ್ಲಿ ನೀವು ಚೀಟಿ ತೋರ್ಸಿದ್ರ ಗೇಟಿನಾಗ ಚಾ ಸಹಿತ ಸಿಗಂಗಿಲ್ಲ. ರಿಕವರಿ ಬಗ್ಗೆ ಜಗಳಾ ಆಡೂದಿದ್ರ ಎಥನಾಲ್ ಲೆಕ್ಕ ಕೇಳ್ರಿ, ಯಾಕಂದ್ರ ಎಥನಾಲ್ ಮಾಡಾಕ ತಗಿಯೂ ಬಿ ಹೆವಿ ಕಾಕಂಬಿಯೊಳಗ (ಸಕ್ಕರಿ ಪೂರ್ತಿ ತಗೀದ ಬಿಟ್ಟ ಕಾಕಂಬಿ) ಹೋದ ಸಕ್ಕರಿ ಚೀಲಕ್ಕ ಬರಂಗಿಲ್ಲ, ಅದನ್ನ ಲ್ಯಾಬಿನ ಅಂಕಿ ಹಿಡದು ರಿಕವರಿಗೆ ತಿರಗಿ ಕೂಡಸಬೇಕಾಗತೈತಿ.

ಇನ್ನ ಮಷಿನ್ ಮಾತು. ನಮ್ಮ ಲ್ಯಾಬಿನ ಹಳೇ ಯಜಮಾನ ಅಂದ್ರ ಪೋಲಾರಿಮೀಟರ್. ಸಕ್ಕರಿ ನೀರಿನಾಗ ಒಂದ ದಿಕ್ಕಿನಾಗ ಅಲುಗಾಡೂ ಬೆಳಕು ಹಾಯ್ಸಿದ್ರ ಅದು ಬಲಕ್ಕ ತಿರಗತೈತಿ, ಸಕ್ಕರಿ ಹೆಚ್ಚಿದ್ದಷ್ಟು ಹೆಚ್ಚು ತಿರಗತೈತಿ, ಫ್ರಾನ್ಸಿನ ಬಯೋ ಅನ್ನೂ ವಿಜ್ಞಾನಿ 1815ರಾಗ ಕಂಡಿದ್ದು. 26 ಗ್ರಾಂ ಶುದ್ಧ ಸಕ್ಕರಿ ನೂರು ಮಿಲಿ ನೀರಿನಾಗ ಕರಗ್ಸಿ 20 ಸೆಂಟಿಮೀಟರ್ ಕೊಳವಿಯೊಳಗ ನೋಡಿದ್ರ ಬರೋಬ್ಬರಿ 100 ತೋರಸತೈತಿ. ಕಬ್ಬಿನ ರಸಾ ಕಪ್ಪಗ, ರಾಡಿ ಇರತೈತಿ, ಬೆಳಕು ದಾಟಂಗಿಲ್ಲ, ಅದಕ್ಕ ಸೀಸದ ಪುಡಿ ಹಾಕಿ ಸೋಸ್ತಿದ್ವಿ. ಸೀಸ ವಿಷ ಅಂತ ಗೊತ್ತಿದ್ರೂ ವರ್ಷಾನುಗಟ್ಲೆ ಬರಿಗೈಲೇ ಮಾಡೇವಿ, ಈಗ ನೆನಸ್ಕೊಂಡ್ರ ಹೊಟ್ಟಿ ತೊಳಸತೈತಿ. ಹೊಸಾ ಪೋಲಾರಿಮೀಟರ್ ಕಣ್ಣಿಗೆ ಕಾಣಲಾರದ 880 ನ್ಯಾನೋಮೀಟರ್ ಸುತ್ತಿನ ಬೆಳಕು ಬಳಸತೈತಿ, ಅದು ಕಪ್ಪನ ರಸದಾಗೂ ದಾಟತೈತಿ, ಸೀಸ ಬೇಕಾಗಿಲ್ಲ, ರಾಡಿ ಅಷ್ಟ ಸೋಸಿದ್ರ ಸಾಕು. ಹತ್ತಿಪ್ಪತ್ತು ವರ್ಷದಾಗ ಲ್ಯಾಬಿಗೆ ಬಂದದ್ರಾಗ ಚಲೋದು ಯಾವ್ದು ಅಂದ್ರ ನಾ ಇದನ್ನ ಹೇಳ್ತೀನಿ.

ಇಲ್ಲೇ ಒಂದು ಗೊಂದಲ ಐತಿ. ಇದಕ್ಕೂ ಎನ್‌ಐಆರ್ ಅಂತಾರ, ನಿಮಗ ಮಾರಾಕ ಬಂದದ್ದಕ್ಕೂ ಎನ್‌ಐಆರ್ ಅಂತಾರ, ಎರಡೂ ಬ್ಯಾರೆ. ನಿಮ್ಮದು ಸ್ಪೆಕ್ಟ್ರೋಮೀಟರ್. ಅದು ನುಗ್ಗಾದ ಕಬ್ಬಿನ ಮ್ಯಾಲ ಬೆಳಕು ಬಿಟ್ಟು ಯಾವ ಯಾವ ಅಲೆ ಎಷ್ಟು ನುಂಗಿತು ಅಂತ ನೋಡತೈತಿ. ಅದಕ್ಕ ಸಕ್ಕರಿ ಅಂದ್ರ ಏನಂತ ಗೊತ್ತಿಲ್ಲ! ಮೊದಲ ನೂರಾರು ಸ್ಯಾಂಪಲ್ ಹಳೇ ಪೋಲಾರಿಮೀಟರಿನಾಗ ಅಳದು, ಇಂಥಾ ಬೆಳಕಿಗೆ ಇಂಥಾ ಅಂಕಿ ಅಂತ ಅದಕ್ಕ ಪಾಠ ಹೇಳಬೇಕು, ಅಂದ್ರ ಮಾಸ್ತರ್ ತಪ್ಪಿದ್ರ ಶಿಷ್ಯನೂ ತಪ್ಪು. 86032 ತಳಿ ಮ್ಯಾಲ ಕಲ್ತ ಮಷಿನ್‌ಗೆ ಬ್ಯಾರೆ ತಳಿ ಕೊಟ್ರ, ಮಳಿಗಾಲದ ಮಣ್ಣು ಹತ್ತಿದ ಕಬ್ಬು ಕೊಟ್ರ, ರವದಿ (ಒಣ ಗರಿ) ಜಾಸ್ತಿ ಬಂದ್ರ ಅಂಕಿ ಅತ್ತಿತ್ತ ಆಗತೈತಿ, ಪ್ರತಿ ಹಂಗಾಮಕ್ಕೂ ಮತ್ತ ಕಲಸಬೇಕು. ಆ ಕಲಸೂ ಲ್ಯಾಬು ನಿಮ್ಮ ಊರಾಗ ಎಲ್ಲೈತಿ?

ಮಾಸ್ತರ್ ತಪ್ಪೂದೂ ನಾ ಕಣ್ಣಾರೆ ನೋಡೇನಿ. ಒಂದು ಜನೆವರಿ ಒಳಗ ಮಿಲ್ ಕೆಟ್ಟು ಯಾರ್ಡಿನಾಗ ಟ್ರ್ಯಾಕ್ಟರ್ ನಾಲ್ಕು ದಿನಾ ನಿಂತ್ವು, ಕಬ್ಬು ಹುಳಿ ವಾಸನಿ ಹೊಡ್ಯಾಕತ್ತಿತ್ತು, ಮಿಲ್ ಚಾಲೂ ಆದ ಮ್ಯಾಲ ಪ್ಯೂರಿಟಿ (ರಸದಾಗ ಕರಗಿದ್ದೆಲ್ಲಾದ್ರಾಗ ಸಕ್ಕರಿ ಪಾಲು) ಧಡ್ ಅಂತ ಬೀಳಬೇಕಿತ್ತು, ಆದ್ರ ಪೋಲ್, ಅಂದ್ರ ಪೋಲಾರಿಮೀಟರಿನ ರೀಡಿಂಗ್ ನೋಡಿದ್ರ ಅಷ್ಟೇನ್ ಬಿದ್ದಿದ್ದಿಲ್ಲ. ನಾನೂ ಖುಷೀಲೇ ರಜಿಸ್ಟರಿನಾಗ ಬರದೆ. ರಾತ್ರಿ ಸಕ್ಕರಿ ಕುದಸೂ ಪ್ಯಾನ್ ಮ್ಯಾಲಿನ ಹಿರ್ಯಾ ಬಂದು, "ಸಾಹೇಬ್ರ, ನಿಮ್ಮ ಮಷಿನ್ ಏನರ ಹೇಳ್ಲಿ, ಮಾಲು ಎಳಿ ಬಿಡಾಕತ್ತೈತಿ, ಕುದಸಾಕ ಆಗವಲ್ದು" ಅಂದ. ಹರಳು ನೋಡಿದ್ರ ಸೂಜಿ ಹಂಗ ಉದ್ದುದ್ದ! ಆದದ್ದೇನಪಾ ಅಂದ್ರ, ಕಡದಿಟ್ಟ ಕಬ್ಬಿನೊಳಗ ಲ್ಯುಕೋನೋಸ್ಟಾಕ್ ಅನ್ನೂ ಬ್ಯಾಕ್ಟೀರಿಯಾ ಸಕ್ಕರಿ ತಿಂದು ಡೆಕ್ಸ್‌ಟ್ರಾನ್ ಅನ್ನೂ ಅಂಟು ಮಾಡತೈತಿ, ಆ ಅಂಟು ಬೆಳಕನ್ನ ಸಕ್ಕರಿಗಿಂತ ಹೆಚ್ಚೂಕಡಿಮಿ ಮೂರು ಪಟ್ಟು ಬಲಕ್ಕ ತಿರಗಸತೈತಿ. ಪೋಲಾರಿಮೀಟರ್ ಅದನ್ನೂ ಸಕ್ಕರಿ ಅಂತ್ಲೇ ಎಣಿಸಿಬಿಟ್ಟಿತ್ತು. ಮಾಲು ಮುಟ್ಟಿ ನೋಡೂ ಆ ಹಿರ್ಯಾನ ಎರಡು ಬೆರಳು ನಮ್ಮ ಲ್ಯಾಬಿಗಿಂತ ಮುಂದಿದ್ವು.

ಆಮ್ಯಾಲ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಎಚ್‌ಪಿಎಲ್‌ಸಿ ಮಾಡ್ಸಾಕ ಕಳ್ಸಿದ್ವಿ. ಅದು ರಸವನ್ನ ಒತ್ತಡ ಹಾಕಿ ಸಣ್ಣ ಕಾಲಮ್ಮಿನೊಳಗ ತಳ್ಳತೈತಿ, ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಒಂದೊಂದೂ ತಮ್ಮ ತಮ್ಮ ಟೈಮಿಗೆ ಹೊರಗ ಬರ್ತಾವು, ಹಂಗಾಗಿ ಡೆಕ್ಸ್‌ಟ್ರಾನ್ ಸುಕ್ರೋಸಿನ ವೇಷಾ ಹಾಕಾಕ ಬರಂಗಿಲ್ಲ. ಖರೇ ಸಕ್ಕರಿ ಬೇಕಂದ್ರ ಅದು. ಆದ್ರ ಕಾಲಮ್ ದುಬಾರಿ, ನುರಿತ ಕೈ ಬೇಕು, ಟ್ರ್ಯಾಕ್ಟರ್ ಸಾಲು ನಿಂತಾಗ ಪ್ರತಿಯೊಂದಕ್ಕೂ ಅದನ್ನ ಮಾಡಾಕ ಆಗಂಗಿಲ್ಲ.

ಯಾವ ಮಷಿನ್ ತಂದ್ರೂ ಸ್ಯಾಂಪಲ್ ಪಂಚಾಯಿತಿ ತಪ್ಪಂಗಿಲ್ಲ ಬಿಡ್ರಿ. ಎರಡು ಟ್ರಾಲಿ ತುಂಬ ಕಬ್ಬು, ಅದರಾಗ ನಾಲ್ಕು ಗಳ ಎಳದು ನುಗ್ಗ ಮಾಡಿ ತಟ್ಟಿಗೆ ಹಾಕ್ತೀರಿ. ಬುಡದ ಸಿಹಿ ಬ್ಯಾರೆ, ತುದಿ ಸಪ್ಪನ, ಯಾವ ಗಳ ಯಾರು ಎಳದ್ರು ಅನ್ನೂದ್ರ ಮ್ಯಾಲ ಅಂಕಿ ನಿಂತತಿ.

ನಿಮ್ಮ ಅಪ್ಪಾರಿಗೆ ಉಪಯೋಗ ಆಗೂದು ಕೈಯಾಗ ಹಿಡಿಯೂ ರಿಫ್ರಾಕ್ಟೋಮೀಟರ್, ಕೆಲವು ಸಾವಿರದಾಗ ಸಿಗತೈತಿ. ಅದು ತೋರಸೂ ಬ್ರಿಕ್ಸ್ ಅಂದ್ರ ರಸದಾಗ ಕರಗಿದ್ದೆಲ್ಲಾ, ಬರೇ ಸಕ್ಕರಿ ಅಲ್ಲ, ಆದ್ರ ಕಬ್ಬು ಮಾಗೇತೋ ಇಲ್ಲೋ ತಿಳ್ಯಾಕ ಸಾಕು. ಹೊಲದಾಗ ಐದಾರು ಕಡೆ ಗಳ ಮುರದು ಬುಡದ್ದೂ ತುದೀದೂ ಬ್ಯಾರೆ ಬ್ಯಾರೆ ನೋಡ್ರಿ, ಎರಡೂ ಹತ್ತಿರ ಹತ್ತಿರ ಬಂದ್ರ ಮಾಗೇತಿ ಅಂತ ತಿಳ್ಕೋರಿ. ನೀರು ಹಾಯ್ಸಿದ ಮರುದಿನ ನೋಡಬ್ಯಾಡ್ರಿ, ಕಡಿಮಿ ತೋರಸತೈತಿ. ಗ್ಯಾಂಗ್ ಕಡದ ದಿನಾ, ಕಾಟಾ ಆದ ದಿನಾ ಎರಡೂ ಬರದಿಡ್ರಿ, ನಡುವ ಒಂದು ದಿನಕ್ಕಿಂತ ಹೆಚ್ಚಾದ್ರ ತೂಕಾನೂ ಹೋಗತೈತಿ, ಸಕ್ಕರಿನೂ ಹೋಗತೈತಿ, ಕಾಟಾದಾಗ ತೂಕ ಕಡಿಮಿ ಬಿದ್ರ ಆ ನಷ್ಟ ಸೀದಾ ನಿಮ್ಮದ.

ಅಷ್ಟಾದ್ರೂ ಊರವ್ರು ಹಟಾ ಹಿಡದ್ರ, ಮಾರಾಕ ಬಂದಾವಗ ಯಾವ ತಳಿ ಮ್ಯಾಲ, ಎಷ್ಟು ಸ್ಯಾಂಪಲ್ ಮ್ಯಾಲ ಕಲಸೀರಿ, ಬರೂ ವರ್ಷ ಯಾರು ಬಂದು ಕಲಸ್ತೀರಿ, ಅದಕ್ಕೆಷ್ಟು ತಗೋತೀರಿ ಅಂತ ಕೇಳ್ರಿ. ಅಂವಾ ಕೊಟ್ಟ ಉತ್ತರಾ ಇಲ್ಲೇ ಕೆಳಗ ಹಾಕ್ರಿ, ನೋಡಿ ಹೇಳ್ತೀನಿ.