ಬೈಬಲ್ಲಿನ ಅಡಿಟಿಪ್ಪಣಿಗೆ ಹೆದರಬೇಕಾ?

ಪ್ರಶ್ನೆ: ಸರ್, ನಾನು ಚಿಕ್ಕಂದಿನಿಂದ ಚರ್ಚಿಗೆ ಹೋಗುವವಳು. ಈಗ ಎಂ.ಎ.ಯಲ್ಲಿ ಧರ್ಮಗಳ ಇತಿಹಾಸ ಓದುತ್ತಿದ್ದೇನೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೇಟಿನಿಂದ ಯೇಸು ಉಳಿಸಿದ ಕಥೆ ನನಗೆ ತುಂಬಾ ಇಷ್ಟ. ಅದು ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ ಎಂದು ಕ್ಲಾಸಿನಲ್ಲಿ ಹೇಳಿದರು. ಮನೆಗೆ ಬಂದು ನನ್ನ ಬೈಬಲ್ ತೆರೆದರೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದೇ ಮಾತಿದೆ! ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪಾಸ್ಟರನ್ನು ಕೇಳಿದೆ. "ಅಂಥದ್ದೆಲ್ಲ ಓದಬೇಡಮ್ಮ, ನಂಬಿಕೆ ಹೋಗುತ್ತೆ" ಎಂದರು. ಮೋಸ ಹೋದ ಹಾಗೆ ಅನಿಸುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಅದನ್ನು ಮೊದಲು ಒಪ್ಪಿಕೊಂಡುಬಿಡೋಣ.

ಯೋಹಾನ 7:53ರಿಂದ 8:11ರವರೆಗಿನ ಆ 12 ವಚನಗಳು 4ನೇ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ ಇಲ್ಲ. ಅದೇ ಕಾಲದ ಸಿನಾಯ್ ಪ್ರತಿಯಲ್ಲೂ ಇಲ್ಲ. ಅದಕ್ಕಿಂತ ಹಳೆಯವು ಎನ್ನುವ ಎರಡು ಪಪೈರಸ್ ಪ್ರತಿಗಳಲ್ಲೂ ಇಲ್ಲ. ಗ್ರೀಕ್ ಪ್ರತಿಗಳಲ್ಲಿ ಇದು ಮೊದಲು ಕಾಣುವುದು ಬೇಜಾ ಎಂಬ ಪ್ರತಿಯಲ್ಲಿ, ಅದು ಸುಮಾರು 5ನೇ ಶತಮಾನದ್ದು. ಕಾಣಿಸಿಕೊಂಡ ಮೇಲೂ ಕಥೆ ಒಂದು ಕಡೆ ನಿಲ್ಲಲಿಲ್ಲ. ಕೆಲವು ಪ್ರತಿಗಳಲ್ಲಿ ಯೋಹಾನನ ಸುವಾರ್ತೆಯ ಕೊನೆಗೆ ಹೋಗಿ ಕೂತಿದೆ. ಇನ್ನು ಕೆಲವರು ಅದನ್ನು ತೆಗೆದು ಲೂಕನ 21ನೇ ಅಧ್ಯಾಯದ ಕೊನೆಗೆ ಸೇರಿಸಿದ್ದಾರೆ. ಬಾಡಿಗೆ ಮನೆ ಬದಲಿಸಿದ ಹಾಗೆ ತಿರುಗಿದ ಕಥೆ ಇದು. ಯೋಹಾನನೇ ಬರೆದದ್ದಲ್ಲ ಎಂದು ಹೆಚ್ಚಿನ ವಿದ್ವಾಂಸರು ಹೇಳುವುದಕ್ಕೆ ಇದೇ ಕಾರಣ. ಅಂಥವರಲ್ಲಿ ಭಕ್ತರಾದ ಕ್ರೈಸ್ತರೂ ಧಾರಾಳವಾಗಿ ಇದ್ದಾರೆ.

ಆದರೆ ಮೋಸ ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಈ ವಿಷಯವನ್ನು ನಂಬಿಕೆ ಇಲ್ಲದ ಯಾರೋ ಈಗ ಪತ್ತೆ ಹಚ್ಚಿ ಹೊರಗೆ ಹಾಕಿದ್ದಲ್ಲ. ಎಷ್ಟೋ ಪ್ರತಿಗಳಲ್ಲಿ ಬರೆಯುವವನೇ ಈ ಭಾಗದ ಅಂಚಿನಲ್ಲಿ ಸಂಶಯದ ಗುರುತು ಹಾಕಿದ್ದಾನೆ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್, ಈ ಕಥೆ ಹಲವು ಗ್ರೀಕ್ ಮತ್ತು ಲ್ಯಾಟಿನ್ ಪ್ರತಿಗಳಲ್ಲಿ ಸಿಗುತ್ತದೆ ಎಂದು ಬರೆದ. ಎಲ್ಲದರಲ್ಲೂ ಇದ್ದಿದ್ದರೆ ಹಾಗೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ? ಅದೇ ಕಾಲದ ಬಿಷಪ್ ಆಗಸ್ಟೀನನ ಊಹೆಯಂತೂ ಇನ್ನೂ ಮಜವಾಗಿದೆ: ಇದನ್ನು ಕೇಳಿ ಹೆಂಡತಿಯರಿಗೆ ಎಲ್ಲಿ ಸಲುಗೆ ಸಿಕ್ಕೀತೋ ಎಂದು ಹೆದರಿದ ಕೆಲವರು ಅದನ್ನು ತಮ್ಮ ಪ್ರತಿಗಳಿಂದ ಕಿತ್ತುಹಾಕಿದರು! ಈ ಊಹೆಯನ್ನು ಇಂದು ಹೆಚ್ಚು ಜನ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ, ಗಂಡಸರ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲದಿದ್ದರೂ. ನಿಮ್ಮ ಕ್ಲಾಸಿನಲ್ಲಿ ಎದ್ದ ಪ್ರಶ್ನೆ 1600 ವರ್ಷಗಳ ಹಿಂದೆಯೇ ಚರ್ಚಿನ ಒಳಗೆ ಇತ್ತು ಎಂದು ತೋರಿಸಲಿಕ್ಕೆ ಇದನ್ನು ಹೇಳಿದೆ.

ಇನ್ನೊಂದು ವಿಷಯ ನಿಮ್ಮ ಮೇಷ್ಟ್ರು ಹೇಳಿದರೋ ಇಲ್ಲವೋ. 3ನೇ ಶತಮಾನದ ದಿದಸ್ಕಾಲಿಯ ಎಂಬ ಗ್ರಂಥ ಬಿಷಪ್‌ಗಳಿಗೆ ಬುದ್ಧಿ ಹೇಳುತ್ತದೆ. ತಪ್ಪು ಮಾಡಿ ಪಶ್ಚಾತ್ತಾಪ ಪಟ್ಟವರನ್ನು ಹೊರಗೆ ನಿಲ್ಲಿಸಬೇಡಿ, ಒಳಗೆ ಸೇರಿಸಿಕೊಳ್ಳಿ ಅನ್ನುತ್ತದೆ. ಅದಕ್ಕೆ ಅದು ಕೊಡುವ ಉದಾಹರಣೆ, ಹಿರಿಯರು ಎಳೆದು ತಂದು ಯೇಸುವಿನ ಮುಂದೆ ನಿಲ್ಲಿಸಿದ ಒಬ್ಬ ಹೆಂಗಸಿನ ಕಥೆ. ಅಂದರೆ ಕಥೆ ಹಳೆಯದೇ. ಯೋಹಾನನ ಪುಸ್ತಕದಲ್ಲಿ ಅದಕ್ಕೆ ಸಿಕ್ಕ ಜಾಗ ಮಾತ್ರ ಆಮೇಲಿನದು. ಯೇಸುವಿನ ಬಗ್ಗೆ ಜನ ಬಾಯಿಂದ ಬಾಯಿಗೆ ಹೇಳುತ್ತಿದ್ದ ನೆನಪು ಇದು, ಬಿಟ್ಟುಬಿಡಲು ಮನಸ್ಸಾಗದೆ ಯಾರೋ ಪುಸ್ತಕಕ್ಕೆ ಸೇರಿಸಿದರು ಎಂದು ನನಗೆ ಅನಿಸುತ್ತದೆ. ಸಾಬೀತು ಮಾಡಲಾರೆ.

ನಾನು ವರ್ಷಗಳಿಂದ ಹೊಸ ಒಡಂಬಡಿಕೆಯ ಗ್ರೀಕ್ ಪಾಠ ಮಾಡುತ್ತಿದ್ದೇನೆ. ಮೊದಲ ವಾರವೇ ಮಕ್ಕಳಿಗೆ ವ್ಯಾಟಿಕನ್ ಪ್ರತಿಯ ಎರಡು ಪುಟಗಳ ಫೋಟೋ ತೋರಿಸುತ್ತೇನೆ. ಒಂದು, ಮಾರ್ಕನ ಸುವಾರ್ತೆ ಮುಗಿಯುವ ಪುಟ. ಪುಟಕ್ಕೆ ಮೂರು ಕಂಬಸಾಲು. ಹೆಂಗಸರು ಸಮಾಧಿಯಿಂದ ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ ಎನ್ನುವ 16:8ಕ್ಕೆ ಎರಡನೆಯ ಕಂಬಸಾಲಿನಲ್ಲೇ ಬರಹ ನಿಂತುಬಿಡುತ್ತದೆ. ಮೂರನೆಯದು ಪೂರ್ತಿ ಖಾಲಿ. ಸಾಮಾನ್ಯವಾಗಿ ಒಂದು ಪುಸ್ತಕ ಮುಗಿದರೆ ಪಕ್ಕದ ಸಾಲಿನಿಂದಲೇ ಮುಂದಿನದು ಶುರುವಾಗಬೇಕು. ಹೊಸ ಒಡಂಬಡಿಕೆಯ ಭಾಗದಲ್ಲಿ ಹೀಗೆ ಒಂದು ಸಾಲನ್ನು ಖಾಲಿ ಬಿಟ್ಟಿರುವುದು ಇಲ್ಲಿ ಮಾತ್ರ. ಮುಂದೆ ಇನ್ನೂ 12 ವಚನ ಇರುವ ಪ್ರತಿಯೂ ಉಂಟು ಎಂದು ಬರೆದವನಿಗೆ ಗೊತ್ತಿತ್ತಾ? ಗೊತ್ತಿದ್ದು, ಮನಸ್ಸು ಒಪ್ಪದೆ ಜಾಗ ಮಾತ್ರ ಬಿಟ್ಟನಾ? ಆ ಖಾಲಿ ಜಾಗ ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಪಕ್ಕ ಕೂತ ಹಾಗೆ ಆಗುತ್ತದೆ.

ಎರಡನೆಯ ಪುಟ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರದ್ದು, 1:3. ಅಲ್ಲಿ ಮೊದಲು ಬರೆದವನು ಯೇಸು ಎಲ್ಲವನ್ನೂ "ಪ್ರಕಟಿಸುವವನು" ಎಂದು ಬರೆದಿದ್ದ. ಆಮೇಲೆ ಬಂದ ಒಬ್ಬ ಅದನ್ನು ತಿದ್ದಿ "ಹೊತ್ತಿರುವವನು" ಎಂದು ಮಾಡಿದ. ಶತಮಾನಗಳು ಕಳೆದ ಮೇಲೆ ಮೂರನೆಯವನೊಬ್ಬ ಬಂದ, ತಿದ್ದಿದ್ದನ್ನು ಅಳಿಸಿ ಮೊದಲಿನದನ್ನೇ ಹಾಕಿದ, ಸಾಲದು ಎಂದು ಅಂಚಿನಲ್ಲಿ ಬೈದೂ ಬಿಟ್ಟ: ಎಲೋ ಪೆದ್ದ, ಕೇಡಿಗ, ಹಳೆಯದನ್ನು ಹಾಗೇ ಬಿಡು, ಬದಲಿಸಬೇಡ! ತಮಾಷೆ ಏನೆಂದರೆ ಇವತ್ತಿನ ಬೈಬಲ್‌ಗಳು ಅನುಸರಿಸುವುದು ಬೈಸಿಕೊಂಡವನನ್ನೇ.

ದೇವರ ವಾಕ್ಯ ನಮ್ಮ ಕೈಗೆ ಬಂದಿರುವುದು ಇಂಥವರ ಕೈಯಿಂದ. ಕಣ್ಣು ಸೋತವರು, ಸಿಡುಕುವವರು, ಸಂಶಯ ಬಂದರೆ ಅಂಚಿನಲ್ಲಿ ಬರೆದಿಟ್ಟವರು. ನಿಮ್ಮ ಬೈಬಲ್ಲಿನ ಅಡಿಟಿಪ್ಪಣಿ ಅದೇ ಅಂಚಿನ ಮುಂದುವರಿಕೆ. ಅದನ್ನು ಮುಚ್ಚಿಡಲಿಲ್ಲ, ಅಚ್ಚು ಹಾಕಿದ್ದಾರೆ. ಮುಚ್ಚಿಟ್ಟವರು ಯಾರಾದರೂ ಇದ್ದರೆ ಅದು ಪ್ರಸಂಗ ಮಾಡುವ ನಾವು. ನಿಮ್ಮ ಪಾಸ್ಟರ್ ಕೆಟ್ಟವರಲ್ಲ, ಅವರಿಗೆ ಭಯ. ಆದರೆ ಭಯದಿಂದ ಹೇಳಿದ ಆ ಮಾತು ತಪ್ಪು, ಖಂಡಿತ ತಪ್ಪು. ಚರ್ಚಿನಲ್ಲಿ ಹೇಳದೆ ಬಿಟ್ಟದ್ದನ್ನು ಹುಡುಗರು ಯಾವುದೋ ವಿಡಿಯೋದಲ್ಲಿ ನೋಡುತ್ತಾರೆ, ಅಲ್ಲಿ ಅದನ್ನು "ಚರ್ಚ್ ಬಚ್ಚಿಟ್ಟ ಗುಟ್ಟು" ಎಂದು ತೋರಿಸಿರುತ್ತಾರೆ, ಆಮೇಲೆ ನಾವು ಏನು ಹೇಳಿದರೂ ಸಮಜಾಯಿಷಿ ಕೊಟ್ಟ ಹಾಗೇ ಕೇಳಿಸುತ್ತದೆ.

ಆ ವಿಡಿಯೋದವರ ಲೆಕ್ಕವೂ ಪೂರ್ತಿ ಸರಿಯಲ್ಲ ಬಿಡಿ. 5000ಕ್ಕೂ ಜಾಸ್ತಿ ಗ್ರೀಕ್ ಪ್ರತಿಗಳಿವೆ, ಅವುಗಳ ನಡುವೆ ಲಕ್ಷಗಟ್ಟಲೆ ವ್ಯತ್ಯಾಸ, ನಿಜ. ಆದರೆ ಬಹುಪಾಲು ಕಾಗುಣಿತ, ಪದಗಳ ಹಿಂದೆಮುಂದೆ, ಬಿಟ್ಟುಹೋದ ಸಾಲು. ಇಷ್ಟು ಉದ್ದದ ಸಂಶಯದ ಭಾಗ ಎಂದರೆ ಮಾರ್ಕನ ಕೊನೆ ಮತ್ತು ನಿಮ್ಮ ಈ ಕಥೆ, ಎರಡೇ.

ಹಸ್ತಪ್ರತಿ ನೋಡುವವರು ಯಾವ ಸಾಲು ಹಳೆಯದು ಎಂದು ಹೇಳಬಲ್ಲರು. ಇತಿಹಾಸ ಓದುವವರು, ಸತ್ತ ಯೇಸು ಎದ್ದುಬಂದ ಎಂಬ ಮಾತು ಕ್ರಿ.ಶ. 50ರ ದಶಕದಲ್ಲಿ ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆಯುವ ಹೊತ್ತಿಗೇ ಹಳೆಯದಾಗಿತ್ತು, ಅವನೇ ಅದನ್ನು ಬೇರೆಯವರಿಂದ ಪಡೆದೆ ಎನ್ನುತ್ತಾನೆ ಎಂದು ತೋರಿಸಬಲ್ಲರು. ನಿಜವಾಗಿ ಎದ್ದನಾ ಎಂದು ಕೇಳಿದರೆ ಇಬ್ಬರೂ ಪೆನ್ ಕೆಳಗಿಡಬೇಕು. ಅದನ್ನು ನೀವೇ ನಿರ್ಧರಿಸಬೇಕು.

ಏನು ಮಾಡಲಿ ಎಂದು ಕೇಳಿದಿರಿ. ಓದು ಬಿಡಬೇಡಿ. ಎರಡು ಬೇರೆ ಅನುವಾದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅಡಿಟಿಪ್ಪಣಿ ಸಮೇತ ಓದಿ. ಪಾಸ್ಟರ್ ಹತ್ತಿರ ಇನ್ನೊಮ್ಮೆ ಹೋಗಿ, ಕ್ಲಾಸಿನ ನೋಟ್ಸ್ ಹಿಡಿದು ಹೋಗಬೇಡಿ. ಅವರದೇ ಬೈಬಲ್ ಕೇಳಿ, ಅದರಲ್ಲಿ ಟಿಪ್ಪಣಿ ಇದೆಯಾ ಎಂದು ಇಬ್ಬರೂ ಸೇರಿ ನೋಡಿ. ಆ ಕಥೆಯನ್ನು ನಾನಂತೂ ಬಿಟ್ಟಿಲ್ಲ. ಪ್ರಸಂಗಕ್ಕೂ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲೇ ಇಷ್ಟೂ ವಿಷಯ ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಇದುವರೆಗೆ ಯಾರೂ ಎದ್ದು ಹೋಗಿಲ್ಲ.

ಪ್ರಶ್ನೆ: ನನ್ನ ಮಗ ಫಿಸಿಕ್ಸ್ ಓದುತ್ತಾನೆ. ಆರು ದಿನದಲ್ಲಿ ಸೃಷ್ಟಿ ಎಂದರೆ ನಗುತ್ತಾನೆ, ಚರ್ಚಿಗೂ ಬರುತ್ತಿಲ್ಲ. ಅವನ ಜೊತೆ ಹೇಗೆ ವಾದ ಮಾಡಲಿ?

ಉತ್ತರ: ವಾದ ಮಾಡಬೇಡಿ. ಆದಿಕಾಂಡದ ಮೊದಲ ಅಧ್ಯಾಯ ಅವನ ಜೊತೆ ಕೂತು ಓದಿ. ಸೂರ್ಯ ಬರುವುದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನ ಸಂಜೆ, ಬೆಳಗು ಹೇಗಾಯಿತು? ಇದನ್ನು 3ನೇ ಶತಮಾನದಲ್ಲೇ ಒರಿಗೆನ್ ಎಂಬ ಕ್ರೈಸ್ತ ಪಂಡಿತ ಕೇಳಿದ್ದ. ಬುದ್ಧಿ ಇರುವ ಯಾರಾದರೂ ಇದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರಾ ಎನ್ನುವ ಧಾಟಿಯಲ್ಲೇ ಕೇಳಿದ್ದ. ಟೆಲಿಸ್ಕೋಪ್ ಇರಲಿಲ್ಲ, ಡಾರ್ವಿನ್ ಹುಟ್ಟಿರಲಿಲ್ಲ. ಪಠ್ಯವನ್ನು ಗಮನವಿಟ್ಟು ಓದಿದ್ದ, ಅಷ್ಟೇ.

ಮಗನಿಗೆ ಲೆಮೈತ್ರ್ ಹೆಸರು ಗೊತ್ತೇ ಇರುತ್ತದೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದವರು. ಅವರು ಕ್ಯಾಥೊಲಿಕ್ ಪಾದ್ರಿ. ಇದನ್ನೇ ಹಿಡಿದುಕೊಂಡು "ನೋಡು, ವಿಜ್ಞಾನವೂ ಬೈಬಲನ್ನೇ ಹೇಳುತ್ತದೆ" ಅನ್ನಲು ಹೋಗಬೇಡಿ ಮತ್ತೆ! 1951ರಲ್ಲಿ ಪೋಪ್ 12ನೇ ಪಿಯುಸ್ ಹೆಚ್ಚುಕಡಿಮೆ ಹಾಗೇ ಮಾತಾಡಿದಾಗ ಲೆಮೈತ್ರ್‌ಗೇ ಕಸಿವಿಸಿಯಾಯಿತು. ತಮ್ಮ ಸಿದ್ಧಾಂತಕ್ಕೂ ಸೃಷ್ಟಿಯ ನಂಬಿಕೆಗೂ ಗಂಟು ಹಾಕಬಾರದು ಎನ್ನುವುದು ಅವರ ನಿಲುವಾಗಿತ್ತು.

ಅಂದಹಾಗೆ ಅವನು ಚರ್ಚಿಗೆ ಬರದೆ ಇರಲು ಫಿಸಿಕ್ಸೇ ಕಾರಣ ಎಂದು ನಿಮಗೆ ಹೇಳಿದವರು ಯಾರು? ಅವನನ್ನೇ ಕೇಳಿದ್ದೀರಾ? ಅದನ್ನು ಮೊದಲು ಕೇಳಿ. ಆದಿಕಾಂಡ ಆಮೇಲೆ ಓದಿದರಾಯಿತು.