ಹತ್ತು ತಿಂಗಳಾದರೂ ಕಾಟ್ಲಾ 300 ಗ್ರಾಂ ದಾಟಿಲ್ಲ. ಮೀನು ಹೊಂಡದ ಅಳತೆಗೆ ತಕ್ಕಂತೆ ಮಾತ್ರ ಬೆಳೆಯುತ್ತದೆಯೇ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬ್ಯಾಡ್ರಿ. ಇಂಡಿ ಹತ್ತಿರ ನಿಂಬೆ ತೋಟಕ್ಕೆಂದು ತೆಗೆಸಿದ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡ, ಉದ್ದ 21 ಮೀಟರ್, ಅಗಲ 21 ಮೀಟರ್. ಅದಕ್ಕೆ 2000 ಮರಿ. ಹತ್ತು ತಿಂಗಳಾದ ಮೇಲೆ ಕಾಟ್ಲಾ ತೂಗಿದರೆ 300 ಗ್ರಾಂ, ವಿಡಿಯೊದವರು ಹೇಳಿದ್ದು ವರ್ಷಕ್ಕೆ ಎರಡು ಕೆ.ಜಿ. ನಾಲ್ಕು ವರ್ಷದ ಹಿಂದೆ ನನ್ನದೂ ಇದೇ ಕಥೆ. ನಾನು ಬೀಳಗಿ ತಾಲ್ಲೂಕಿನವನು. ಅದೇ ಅಳತೆಯ ಹೊಂಡಕ್ಕೆ ನಾನು 3000 ಮರಿ ಬಿಟ್ಟಿದ್ದೆ. ಹನ್ನೊಂದನೇ ತಿಂಗಳು ಬಲೆ ಎಳೆದಾಗ ಬಂದದ್ದೆಲ್ಲ ಗೇಣುದ್ದದ ಮೀನು, ಒಂದೊಂದು 200 ಗ್ರಾಂ. ದಂಡೆ ಮೇಲೆ ನಿಂತಿದ್ದ ನಮ್ಮ ಕಾಕಾ, "ಏ ತಮ್ಮಾ, ನೀ ಮೀನ ಸಾಕೀಯೋ, ಉಪ್ಪಿನಕಾಯಿ ಹಾಕೀಯೋ?" ಅಂದ. ಆವತ್ತು ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಇಡೀ ಮೀನುಗಾರಿಕೆಯ ಪಾಠ ಆ ಒಂದು ಮಾತಿನಲ್ಲೇ ಇತ್ತು.

ಹೊಂಡದ ಅಂಚು ನೋಡಿ "ಇಷ್ಟೇ ಸಾಕು" ಅಂತ ಮೀನು ಬೆಳವಣಿಗೆ ನಿಲ್ಲಿಸುವುದಿಲ್ಲ. ಲೆಕ್ಕ ಬೇರೆ ಇದೆ. ಗಾಳಿಯಾಡಿಸುವ ಯಂತ್ರ ಇಲ್ಲದ, ಗೊಬ್ಬರ ಮತ್ತು ಮೇವು ಚೆನ್ನಾಗಿ ಹಾಕುವ ಮಿಶ್ರ ಮೀನು ಸಾಕಣೆಯಲ್ಲಿ, ಅಂದರೆ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವಾಗ, ಹೆಕ್ಟೇರಿಗೆ ಮೂರರಿಂದ ಐದು ಟನ್ ಮೀನು ಬಂದರೆ ಒಳ್ಳೆಯ ಇಳುವರಿ. ನಿಮ್ಮದು 441 ಚದರ ಮೀಟರ್. ಅಂದರೆ ಎಲ್ಲವೂ ಸರಿಯಿದ್ದರೆ 130ರಿಂದ 220 ಕೆ.ಜಿ. ಹೊಂಡ ತಡೆದುಕೊಳ್ಳುವುದು ಅಷ್ಟೇ ತೂಕ. ಬುಟ್ಟಿಯಲ್ಲಿ ಇಪ್ಪತ್ತು ರೊಟ್ಟಿ ಇವೆ ಅಂದ್ಕೊಳ್ಳಿ. ಹತ್ತು ಜನ ಉಂಡರೆ ಹೊಟ್ಟೆ ತುಂಬುತ್ತದೆ, ನೂರು ಜನ ಕೂತರೆ ತುಣುಕು ಸಿಗುತ್ತದೆ. 180 ಕೆ.ಜಿ. ತೂಕವನ್ನು 180 ಮೀನಿಗೆ ಹಂಚಿದರೆ ಕಿಲೊ ಮೀನು, 600 ಮೀನಿಗೆ ಹಂಚಿದರೆ ನಿಮ್ಮ 300 ಗ್ರಾಂ. ಹಾಗಾಗಿ ನನ್ನ ಊಹೆ, ನಿಮ್ಮ 2000 ಮರಿಗಳಲ್ಲಿ ಈಗ ಉಳಿದಿರುವುದು ಸುಮಾರು ಆರುನೂರು. ಉಳಿದವು ನಿಮಗೆ ಕಾಣದಂತೆ ಯಾವಾಗಲೋ ಸತ್ತಿವೆ. ಬಲೆ ಎಳೆದು ಎಣಿಸಿ ನೋಡಿ, ನನ್ನ ಮಾತು ಸುಳ್ಳಾದರೆ ಸಂತೋಷ. ನಿಮ್ಮ ಹೊಂಡ ತನ್ನ ಕೆಲಸ ಮಾಡಿ ಮುಗಿಸಿದೆ, ತಪ್ಪಿದ್ದು ಎಣಿಕೆ.

ಎಷ್ಟು ದೊಡ್ಡದಾಗಬಲ್ಲದು ಅನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ಆಗುತ್ತದೆ ಅನ್ನುವುದು ಇನ್ನೊಂದು. ವಿಡಿಯೊದವರು ಎರಡನ್ನೂ ಕಲಸಿ ಬಿಡುತ್ತಾರೆ. ದಾಖಲಾದ ಗರಿಷ್ಠ ಅಳತೆ ನೋಡಿದರೆ ಕಾಟ್ಲಾ 1.8 ಮೀಟರ್ ಉದ್ದ, 38 ಕೆ.ಜಿ. ದಾಟುತ್ತದೆ. ರೋಹು 45 ಕೆ.ಜಿ. ಮೃಗಾಲ್ ಪಾಪ 12 ಕೆ.ಜಿ. ಚಿಲ್ಲರೆ. ಆದರೆ ಹೊಂಡದಲ್ಲಿ ಮೊದಲ ವರ್ಷ ಓಡುವುದು ಕಾಟ್ಲಾ, ಗರಿಷ್ಠ ತೂಕದಲ್ಲಿ ಅದಕ್ಕಿಂತ ಮುಂದಿರುವ ರೋಹು ಹಿಂದೆ ಬೀಳುತ್ತದೆ. ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ ಕಾಟ್ಲಾ ಒಂದು ಕೆ.ಜಿ. ಸುತ್ತಮುತ್ತ, ರೋಹು ಮುಕ್ಕಾಲು ಕೆ.ಜಿ. ಅಂತ ಇಟ್ಟುಕೊಳ್ಳಿ. ಎರಡು ಕೆ.ಜಿ. ಬರುವುದು ಆಲಮಟ್ಟಿ ಹಿನ್ನೀರಿನಂಥ ಕಡೆ, ಅಲ್ಲಿ ನೀರು ಬಹಳ, ಉಣ್ಣುವ ಬಾಯಿ ಕಡಿಮೆ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಮೀನಿನ ತೂಕ ಉದ್ದದ ಜೊತೆ ನೇರವಾಗಿ ಏರುವುದಿಲ್ಲ, ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. 30 ಸೆಂಟಿಮೀಟರಿನಲ್ಲಿ 400 ಗ್ರಾಂ ಇರುವ ಕಾಟ್ಲಾ 40 ಸೆಂಟಿಮೀಟರ್ ಆಗುವಷ್ಟರಲ್ಲಿ 900 ಗ್ರಾಂ ದಾಟಿರುತ್ತದೆ. ಅಂದರೆ ಕೊನೆಯ ನಾಲ್ಕು ಬೆರಳು ಬೆಳವಣಿಗೆಯಲ್ಲೇ ಅರ್ಧಕ್ಕಿಂತ ಹೆಚ್ಚು ದುಡ್ಡು ಇದೆ. ಮೊದಲ ತಿಂಗಳುಗಳಲ್ಲಿ ತೂಕವೇ ಕಾಣಿಸುವುದಿಲ್ಲ, ನಡುವೆ ಜಿಗಿಯುತ್ತದೆ, ಮೊಟ್ಟೆ ಕಟ್ಟುವ ವಯಸ್ಸು ಬಂತೆಂದರೆ ತಿಂದದ್ದು ಮೊಟ್ಟೆಗೆ ಹೋಗಿ ಮೈ ಬೆಳೆಯುವುದು ನಿಧಾನವಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ನಮ್ಮ ಹಾಗೆ ಇಪ್ಪತ್ತಕ್ಕೆ ಎತ್ತರ ಮುಗಿಯಿತು ಅನ್ನುವ ಪದ್ಧತಿ ಬಹುತೇಕ ಮೀನುಗಳಿಗೆ ಇಲ್ಲ. ಬೆಳವಣಿಗೆ ಹೀಗೆ ಏರಿ ಆಮೇಲೆ ನಿಧಾನವಾಗುವ ಬಗೆಗೆ ಬರ್ಟಲನ್ಫಿ ಎಂಬ ವಿಜ್ಞಾನಿ 1938ರಲ್ಲಿ ಒಂದು ಸೂತ್ರ ಕೊಟ್ಟ, ಮೀನುಗಾರಿಕೆಯವರು ಇವತ್ತಿಗೂ ಅದನ್ನೇ ಹಾಕುತ್ತಾರೆ.

ಈಗ ನಿಮಗೆ ಸಮಾಧಾನದ ಸುದ್ದಿ. ಕುಗ್ಗಿದ ಮೀನು ಕೆಟ್ಟ ಮೀನಲ್ಲ. ಆಂಧ್ರದ ಕೊಲ್ಲೇರು ಕಡೆ ಬೇಕಂತಲೇ ಮರಿಗಳನ್ನು ವರ್ಷವಿಡೀ ಒತ್ತೊತ್ತಾಗಿ ಇಟ್ಟು, ಅರೆಹೊಟ್ಟೆಯಲ್ಲಿ ಸಣ್ಣದಾಗಿಯೇ ಉಳಿಸುತ್ತಾರೆ. ಆಮೇಲೆ ದೊಡ್ಡ ಕೆರೆಗೆ ವಿರಳವಾಗಿ ಬಿಟ್ಟರೆ ಹಸಿದ ಎತ್ತು ಹಸಿ ಮೇವು ಕಂಡಂತೆ ತಿಂದು ಹಿಂದಿನ ಬಾಕಿಯನ್ನೂ ತೀರಿಸಿಕೊಳ್ಳುತ್ತವೆ. ನನಗೆ ಇದು ಗೊತ್ತಿರಲಿಲ್ಲ. ನನ್ನ 200 ಗ್ರಾಂ ಮೀನನ್ನು ಕೊಳ್ಳಲು ಬಂದ ವ್ಯಾಪಾರಿ ಮುಖ ಸಿಂಡರಿಸಿ ಹೇಳಿದ ದರಕ್ಕೆ ಕೊಟ್ಟುಬಿಟ್ಟೆ. ಅರವತ್ತು ಮೀನು ಮಾತ್ರ ಕೊಡ ಮತ್ತು ಡ್ರಮ್ಮಿನಲ್ಲಿ ತುಂಬಿ ಭಾವನ ಹೊಲಕ್ಕೆ ಒಯ್ದೆ. ಅವನದು ಎರೆ ಭೂಮಿ, ಪ್ಲಾಸ್ಟಿಕ್ ಇಲ್ಲದೆಯೇ ನೀರು ನಿಲ್ಲುತ್ತದೆ, ತಳದಲ್ಲಿ ಕೆಸರಿದೆ. ಏಳು ತಿಂಗಳ ನಂತರ ಬೀಸುಬಲೆ ಹಾಕಿದಾಗ ಮೊದಲು ಬಂದ ಕಾಟ್ಲಾವನ್ನು ನಾನು ನಮ್ಮದೇ ಅಂತ ನಂಬಲಿಲ್ಲ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದರೆ ಮುಳ್ಳು ಒಂದೂಕಾಲು ಕೆ.ಜಿ. ದಾಟಿ ನಿಂತಿತು. ತಲೆ ಮತ್ತು ಮೈ ಒಂದಕ್ಕೊಂದು ಹೊಂದಿದ್ದವು, ನನ್ನ ಹೊಂಡದಲ್ಲಿದ್ದಾಗ ತಲೆಯೇ ಎದ್ದು ಕಾಣುತ್ತಿತ್ತು.

ನೀವು ಮಾಡಬೇಕಾದ್ದು ಇಷ್ಟು. ಎಳೆಬಲೆ ಹಾಕಿ, ಇನ್ನೂರು ಮೀನು ಬಿಟ್ಟು ಉಳಿದದ್ದು ತೆಗೆಯಿರಿ. ಅಕ್ಕಪಕ್ಕದಲ್ಲಿ ಖಾಲಿ ಹೊಂಡವಿದ್ದವರಿಗೆ ಮರಿಯ ಲೆಕ್ಕದಲ್ಲಿ ಮಾರಿದರೆ ಸಂತೆಗಿಂತ ಒಳ್ಳೆಯ ದುಡ್ಡು ಸಿಗುತ್ತದೆ. ಉಳಿಸುವಾಗ ಮೃಗಾಲ್ ಕಡಿಮೆ ಇರಲಿ. ಅದು ತಳದ ಕೆಸರಿನಲ್ಲಿ ಮೇಯುವ ಮೀನು, ಪ್ಲಾಸ್ಟಿಕ್ ಮೇಲೆ ಅದಕ್ಕೇನು ಸಿಗುತ್ತದೆ? ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಅವೆರಡೂ ಹೊಂದಿಕೊಳ್ಳುತ್ತವೆ. ತಿಲಾಪಿಯ, ಅಂದರೆ ಕೆಲವರು ಜಿಲೇಬಿ ಅನ್ನುವ ಮೀನು ಒಳಗೆ ಸೇರಿದ್ದರೆ ಒಂದನ್ನೂ ಬಿಡಬೇಡಿ, ಅದು ಹೊಂಡದಲ್ಲೇ ಮರಿ ಹಾಕಿ ಎಣಿಕೆಯನ್ನು ಮತ್ತೆ ಸಾವಿರಕ್ಕೆ ಒಯ್ಯುತ್ತದೆ.

ಮೇವಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ. ಮೀನಿನ ಒಟ್ಟು ತೂಕದ ನೂರಕ್ಕೆ ಎರಡರಷ್ಟು ದಿನಕ್ಕೆ, ಅಂದರೆ ನಿಮಗೆ ಸದ್ಯಕ್ಕೆ ಒಂದೂಕಾಲು ಕೆ.ಜಿ. ಸುಮ್ಮನೆ ತೂರಬೇಡಿ. ಹಳೆಯ ಗೊಬ್ಬರದ ಚೀಲ ಚೆನ್ನಾಗಿ ತೊಳೆದು, ತಳದಲ್ಲಿ ತೂತು ಮಾಡಿ, ಕೋಲಿಗೆ ಕಟ್ಟಿ ಇಳಿಬಿಡಿ, ಮೀನು ಬಂದು ಗುದ್ದಿ ತಿನ್ನುತ್ತದೆ. ಸಗಣಿ ಹಾಕಿ ನೀರು ಹಸಿರಾಗಿಸಿ. ತೋಳನ್ನು ನೀರಿಗೆ ಇಳಿಸಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಂತಾದರೆ ಹಸಿರು ಸಾಕು. ಮಣಿಕಟ್ಟು ಮುಳುಗಿದ ಕೂಡಲೇ ಅಂಗೈ ಮಾಯವಾದರೆ ಹೆಚ್ಚಾಗಿದೆ, ಸಗಣಿ ನಿಲ್ಲಿಸಿ. ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ನೀರಲ್ಲಿ ಆಮ್ಲಜನಕ ಇಲ್ಲ ಅಂತ ಅರ್ಥ. ಆವತ್ತು ಮೇವು ಹಾಕಬೇಡಿ, ಮೋಟರ್ ಹಚ್ಚಿ ಅದೇ ನೀರನ್ನು ಮೇಲಿನಿಂದ ಚಿಮ್ಮಿಸಿ. ಹಸಿರು ನೀರು ನಿಂಬೆ ಗಿಡಕ್ಕೆ ಒಳ್ಳೆಯ ಗೊಬ್ಬರವೇ, ಡ್ರಿಪ್ ಮಾತ್ರ ಕಟ್ಟಿಕೊಳ್ಳುತ್ತದೆ, ಮರಳಿನ ಫಿಲ್ಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಬಿಟ್ಟು ಹೊಂಡ ಅರ್ಧವಾದರೆ ನಿಮ್ಮ ಇನ್ನೂರು ಮೀನೂ ಮತ್ತೆ ಹೆಚ್ಚೇ, ಆಗ ಇನ್ನಷ್ಟು ತೆಗೆಯಬೇಕು. ಚಳಿಯಲ್ಲಿ ಬೆಳವಣಿಗೆ ಜಡವಾಗುತ್ತದೆ, ಅದಕ್ಕೆ ಗಾಬರಿ ಬೇಡ, 25 ಡಿಗ್ರಿ ಮೇಲಿನ ನೀರಿನಲ್ಲೇ ಗೆಂಡೆಗಳು ಚುರುಕು.

ಮುಂದಿನ ಸಲ ಮರಿ ತರುವಾಗ ಜಯಂತಿ ರೋಹು ಸಿಗುತ್ತದೆಯೇ ಕೇಳಿ. ಭುವನೇಶ್ವರದ ಸಂಶೋಧನಾ ಸಂಸ್ಥೆಯವರು ಆಯ್ದು ಆಯ್ದು ತಳಿ ಎಬ್ಬಿಸಿದ್ದು, ತಲೆಮಾರಿಗೆ ಸರಾಸರಿ ನೂರಕ್ಕೆ 17ರಷ್ಟು ಬೆಳವಣಿಗೆ ಹೆಚ್ಚಾಯಿತು ಅನ್ನುತ್ತದೆ ಅವರ ಲೆಕ್ಕ. ಆದರೆ 2000 ಜಯಂತಿ ಬಿಟ್ಟರೂ ನಿಮ್ಮ ಹೊಂಡದ 180 ಕೆ.ಜಿ. ಲೆಕ್ಕ ಅಲ್ಲಾಡುವುದಿಲ್ಲ.

ಸಿಹಿನೀರಿನ ಅತಿ ದೊಡ್ಡ ಮೀನು ಯಾವುದು ಅಂತ ಮಗ ಕೇಳಿದ ಎಂದು ಬರೆದಿದ್ದೀರಿ. ಅವನಿಗೆ ಹೇಳಿ, 2022ರ ಜೂನಿನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ 300 ಕೆ.ಜಿ. ತೂಕದ ದೈತ್ಯ ತೊರಕೆ (ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಮೀನು) ಸಿಕ್ಕಿತು, ತೂಗಿದ ದಾಖಲೆ ಇರುವವುಗಳಲ್ಲಿ ಅದೇ ದೊಡ್ಡದು. ಅದಕ್ಕೂ ಮೊದಲು 2005ರಲ್ಲಿ ಅದೇ ನದಿಯಲ್ಲಿ, ಥಾಯ್ಲೆಂಡಿನ ಕಡೆ, 293 ಕೆ.ಜಿ. ಬೆಕ್ಕುಮೀನು ಸಿಕ್ಕಿತ್ತು. ನಮ್ಮ ನಾಡಿನಲ್ಲೇ ಕೇಳಿದರೆ ಕಾವೇರಿ ಸೀಮೆಯ ಮಹಶೀರ್, 1946ರಲ್ಲಿ ಸುಮಾರು 54 ಕೆ.ಜಿ. ತೂಕದ್ದು ಗಾಳಕ್ಕೆ ಬಿದ್ದಿತ್ತು, ಈಗ ಆ ಜಾತಿ ಅಳಿವಿನ ಅಂಚಿನಲ್ಲಿದೆ. ಅತಿ ಸಣ್ಣದರ ಸಾಲಿನಲ್ಲಿ ಸುಮಾತ್ರಾದ ಒಂದು ಮೀನಿದೆ, ಗೆಂಡೆಗಳ ದೂರದ ನೆಂಟ, ಪ್ರಾಯಕ್ಕೆ ಬಂದ ಹೆಣ್ಣುಗಳಲ್ಲಿ ಅತಿ ಸಣ್ಣದು 8 ಮಿಲಿಮೀಟರ್ ಕೂಡ ಇರಲಿಲ್ಲ. ವಯಸ್ಸಿನ ವಿಷಯಕ್ಕೆ ಬಂದರೆ ಉತ್ತರ ಅಮೆರಿಕದ ಬಿಗ್‌ಮೌತ್ ಬಫೆಲೊ ಎಂಬ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನ ಉಂಗುರ ಎಣಿಸಿ 112 ವರ್ಷ ಅಂತ 2019ರಲ್ಲಿ ಹೇಳಿದರು.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾಹಿತಿ ಬಿಟ್ಟುಹೋಗಿದೆ, ಉದ್ದ. 300 ಗ್ರಾಂ ಮೀನು 27 ಸೆಂಟಿಮೀಟರ್ ಇದ್ದರೆ ಅದು ದಷ್ಟಪುಷ್ಟ, ಎಣಿಕೆ ಇಳಿಸಿದರೆ ಸಾಕು. ಅದೇ 300 ಗ್ರಾಂ 32 ಸೆಂಟಿಮೀಟರ್ ಇದ್ದರೆ ಹಸಿವು, ಮೇವನ್ನೂ ಇವತ್ತೇ ಶುರು ಮಾಡಬೇಕು. ಬಿಸಿಲೇರುವ ಮುಂಚೆ ಹತ್ತು ಕಾಟ್ಲಾ ಹಿಡಿದು, ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ಮೂತಿಯಿಂದ ಬಾಲದ ತುದಿವರೆಗೆ ಟೇಪ್ ಹಿಡಿದು ಅಳೆದು, ತೂಕದ ಜೊತೆ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳ್ತೀನಿ.