ಗೆದ್ದರೆ ಗುರುವಿನದು, ಸೋತರೆ ಶಿಷ್ಯನದು

ಪತ್ರ: ಕೆಲಸ ಕಳೆದುಕೊಂಡ ನನ್ನ ಭಾವ, ಮೊಬೈಲಿನಲ್ಲಿ ನೋಡಿದ ಪ್ರೇರಣಾ ಭಾಷಣಕಾರರೊಬ್ಬರ ಎರಡು ದಿನದ ಶಿಬಿರಕ್ಕೆ 18 ಸಾವಿರ ರೂಪಾಯಿ ಕಟ್ಟಿದರು. ಬಚ್ಚಲ ಕನ್ನಡಿಗೆ ‘ನಾನು ಯಶಸ್ವಿ’ ಎಂಬ ಚೀಟಿ ಅಂಟಿಸಿದ್ದಾರೆ. ಆರು ತಿಂಗಳಾಯಿತು, ಕೆಲಸವಿಲ್ಲ, ನಿದ್ದೆಯೂ ಇಲ್ಲ. ಬೇಸರವೆಂದು ಬಾಯಿಬಿಡಲೂ ಹೆದರುತ್ತಾರೆ. ಶಿಬಿರದವರನ್ನು ಕೇಳಿದರೆ ‘ನಿಮ್ಮೊಳಗೇ ನೆಗೆಟಿವಿಟಿ ಇದೆ’ ಎಂದರಂತೆ. ಒಳ್ಳೆಯದನ್ನೇ ಯೋಚಿಸು ಎನ್ನುವುದು ತಪ್ಪೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪಲ್ಲ. ‘ಕೆಟ್ಟದ್ದು ನುಡಿಯಬೇಡ, ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆ’ ಎಂದು ನಮ್ಮಜ್ಜಿಯೂ ಗದರುತ್ತಿದ್ದಳು. ಆದರೆ ಜ್ವರ ಬಂದರೆ ಕಷಾಯ ಕುದಿಸುತ್ತಿದ್ದಳು. ಇಳಿಯದಿದ್ದರೆ ‘ನಿನ್ನ ನಂಬಿಕೆ ಸಾಲದು’ ಎಂದು ಮಗುವನ್ನು ಬೈಯುತ್ತಿರಲಿಲ್ಲ, ಡಾಕ್ಟರ ಬಳಿಗೆ ಎತ್ತಿಕೊಂಡು ಓಡುತ್ತಿದ್ದಳು.

ಭಾವನಿಗೆ ಸಿಕ್ಕ ಉತ್ತರದ ಜಾಣತನ ನೋಡಿ. ಕೆಲಸ ಸಿಕ್ಕಿದ್ದರೆ ಅದು ಸೂತ್ರದ ಮಹಿಮೆ. ಸಿಗದಿದ್ದರೆ ಶಿಷ್ಯನ ಮನಸ್ಸಿನ ಕೊಳೆ. ಹಾಕಿದ ದಾಳವೆಲ್ಲ ಗುರುವಿನ ಪರವೇ ಬೀಳುವ ಆಟವಿದು.

ಅಮೆರಿಕದ ಪ್ರೇರಣಾ ಭಾಷಣಕಾರ ಜೇಮ್ಸ್ ಆರ್ಥರ್ ರೇ ಈ ಆಟದ ಪಳಗಿದ ಕೈ, ಓಪ್ರಾ ವಿನ್‌ಫ್ರೇ ಅವರ ಟಿ.ವಿ. ಕಾರ್ಯಕ್ರಮದಲ್ಲೂ ಕಾಣಿಸಿಕೊಂಡಿದ್ದವನು. 2009ರ ಅಕ್ಟೋಬರಿನಲ್ಲಿ ಅರಿಜೋನಾದ ಸೆಡೋನಾ ಬಳಿ ಐದು ದಿನದ ಶಿಬಿರ ನಡೆಸಿದ. ತಲೆಗೆ ಒಂಬತ್ತು ಸಾವಿರ ಡಾಲರಿಗೂ ಹೆಚ್ಚು ಶುಲ್ಕ. ಒಂದೂವರೆ ದಿನದ ಉಪವಾಸ ಮುಗಿಸಿದ ಐವತ್ತಕ್ಕೂ ಹೆಚ್ಚು ಮಂದಿಯನ್ನು ಟಾರ್ಪಾಲು ಹೊದಿಸಿದ ತಗ್ಗು ಗುಡಾರದೊಳಗೆ ಕೂರಿಸಿದ. ನಡುವಿನ ಗುಂಡಿಯಲ್ಲಿ ಕಾದ ಕಲ್ಲು, ಅದರ ಮೇಲೆ ನೀರು, ಕತ್ತಲೆ, ಹಬೆ. ಸಾಯುತ್ತಿದ್ದೇವೆ ಎನಿಸುವುದು ಸಾಧನೆಯ ಭಾಗವೆಂದು ಮೊದಲೇ ಹೇಳಿಟ್ಟಿದ್ದ. ಮೈ ಕೊಟ್ಟ ಎಚ್ಚರಿಕೆಯನ್ನೇ ಮನಸ್ಸಿನ ದೌರ್ಬಲ್ಯವೆಂದು ಓದುವ ಪಾಠ! ಮೂವರು ಸತ್ತರು. 2011ರಲ್ಲಿ ನಿರ್ಲಕ್ಷ್ಯದ ಸಾವುಗಳಿಗಾಗಿ ಅವನಿಗೆ ಎರಡು ವರ್ಷ ಜೈಲಾಯಿತು. ಹೊರಬಂದವನು ಮತ್ತೆ ವೇದಿಕೆ ಹತ್ತಿದ.

ಭಾವನ ಶಿಬಿರ ಆ ಗುಡಾರವಲ್ಲ, ಒಪ್ಪುತ್ತೇನೆ. ಆದರೂ ರಸೀದಿ, ಜಾಹೀರಾತಿನ ವಿಡಿಯೊ ಜೋಪಾನವಾಗಿಡಿ. ‘ಕೆಲಸ ಖಚಿತ’ ಎಂದು ಅದರಲ್ಲಿ ಹೇಳಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಅದಕ್ಕೆ ಮುಖ ಕೊಟ್ಟವರಿಗೂ ಸಹ.

ನಮ್ಮ ಯುಗಾದಿ ಸಂಚಿಕೆಯಲ್ಲೂ ಇಂಥದೇ ಶಿಬಿರವೊಂದರ ಅರ್ಧ ಪುಟದ ಜಾಹೀರಾತಿತ್ತು. ನೀವದನ್ನು ಎತ್ತಿ ಆಡಿಲ್ಲ, ಅದು ನಿಮ್ಮ ದೊಡ್ಡತನ. ಹಣ ಪಡೆದವರಲ್ಲಿ ನಾವೂ ಇದ್ದೇವೆ. ಇನ್ನು ಅಂಥವನ್ನು ಪ್ರಕಟಿಸುವುದಿಲ್ಲ.

ದೂರಿಗಿಂತ ಮೊದಲು ನಿದ್ದೆಯ ವಿಚಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಭಾವ ಒಲ್ಲೆನೆಂದರೆ ಒಂದು ಸಂಜೆ ನೀವೇ ಜೊತೆಗೆ ಕುಳಿತು ‘ಬಹಳ ಬೇಸರವೇ?’ ಎಂದು ಕೇಳಿ. ಹೌದು ಎಂದರೆ ಸಮಾಧಾನದ ಮಾತಿಗೆ ಅವಸರಪಡಬೇಡಿ. ಚೀಟಿ ಕನ್ನಡಿಯಲ್ಲೇ ಇರಲಿ, ತೆಗೆಯುವುದು ಬಿಡುವುದು ಅವರಿಷ್ಟ.